ಇತ್ವಾರಿಯಲ್ಲಿ ಸ್ಪೇನಿನ ಮೆಣಸಿನಕಾಯಿ

ಖಾರಕ್ಕೆ ಹೆಸರಾದ ಊರಿನಲ್ಲಿ ಖಾರವಿಲ್ಲದ ಕೆಂಪು ಮೆಣಸಿನಕಾಯಿ ಹುಡುಕುವುದು ತಮಾಷೆಯ ಕೆಲಸ. ನಾಗಪುರದ ಯಾವುದೇ ಕಿರಾಣಿ ಅಂಗಡಿಗೆ ಹೋಗಿ ‘ಮೆಣಸಿನಕಾಯಿ ಬೇಕು, ಆದರೆ ಖಾರ ಇರಬಾರದು’ ಎಂದು ಕೇಳಿ ನೋಡಿ. ಅಂಗಡಿಯವನು ಮೊದಲು ನಿಮ್ಮ ಮುಖ ನೋಡುತ್ತಾನೆ. ಇದು ಸಾವಜಿ ಊಟದ ಊರು. ಹಲಬಾ ಕೋಷ್ಟಿ ನೇಕಾರರ ಮನೆಗಳಿಂದ ಹೊರಟು ಗಲ್ಲಿಗೊಂದು ಖಾನಾವಳಿಯಾದ ಅಡುಗೆ ಅದು. ರಸ್ಸಾದ ಮೇಲೆ ತೇಲುವ ಕೆಂಪೆಣ್ಣೆಯ ‘ತರ್‍ರಿ’ ನೋಡಿಯೇ ಮೂಗಿನ ತುದಿಯಲ್ಲಿ ಬೆವರು ಒಡೆಯುತ್ತದೆ. ನಮ್ಮ ಹುಬ್ಬಳ್ಳಿ, ಗದಗದ ಸಾವಜಿ ಖಾನಾವಳಿಗಳೂ ಇದೇ ಹೆಸರಿನವು. ಅವು ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ (ಎಸ್‌ಎಸ್‌ಕೆ) ಸಮಾಜದವರದು, ಸಮುದಾಯ ಬೇರೆ. ಮಗ್ಗದ ನಂಟು ಮತ್ತು ಖಾರ ಮಾತ್ರ ಎರಡೂ ಕಡೆ ಒಂದೇ.

ಇಂಥ ಊರಿನಲ್ಲಿ ಕೆಲಸಕ್ಕಿರುವ ಅಕ್ಕನ ಮಗಳು ಈಚೆಗೆ ಸ್ಪೇನಿನ ಅಡುಗೆಯ ಹುಚ್ಚು ಹಚ್ಚಿಕೊಂಡಿದ್ದಾಳೆ. ಅವಳು ಫೋನಿಗೆ ಕಳಿಸಿದ ಪಟ್ಟಿ ಹೀಗಿತ್ತು: ನ್ಯೋರಾ, ಚೊರಿಸೆರೊ, ಹೊಗೆಯ ಪಿಮೆಂತೋನ್, ಪಿಕಿಯೊ, ಗಿಂದಿಯಾ, ಪದ್ರೋನ್. ಕೆಳಗೊಂದು ಪ್ರಶ್ನೆ: “ಮಾಮಾ, ಇವೆಲ್ಲಾ ನಾಗಪುರದಾಗ ಎಲ್ಲಿ ಸಿಗ್ತಾವ?”

ಈ ಹೆಸರುಗಳಲ್ಲಿ ಕೇಳಿದರೆ ಎಲ್ಲಿಯೂ ಸಿಗುವುದಿಲ್ಲ. ಆದರೆ ಆರೂ ಒಂದೇ ಜಾತಿಯ ಗಿಡದ ಕಾಯಿಗಳು. ಸಸ್ಯಶಾಸ್ತ್ರದವರು ಕ್ಯಾಪ್ಸಿಕಂ ಆನ್ಯುಅಂ ಎಂದು ಕರೆಯುವ ಈ ಜಾತಿಯಲ್ಲೇ ನಮ್ಮ ಬ್ಯಾಡಗಿಯೂ ಇದೆ, ಗುಂಟೂರೂ ಇದೆ, ಬಜ್ಜಿ ಮೆಣಸಿನಕಾಯಿಯೂ ಇದೆ, ದೊಣ್ಣೆ ಮೆಣಸಿನಕಾಯಿಯೂ ಇದೆ. ಈಶಾನ್ಯದ ಭೂತ ಜೊಲೋಕಿಯಾ, ಕರಾವಳಿಯ ಸೂಜಿ ಮೆಣಸು ಬೇರೆ ಜಾತಿಯವು. ಅವುಗಳ ತಂಟೆ ಇಲ್ಲಿ ಬೇಡ. ಸ್ಪೇನಿನವರು ಈ ಒಂದೇ ಕಾಯಿಯನ್ನು ಒಂದು ಕಡೆ ಬಿಸಿಲಿಗೆ ಹಾಕಿದರು, ಇನ್ನೊಂದು ಕಡೆ ಹೊಗೆಗೆ, ಮತ್ತೊಂದು ಕಡೆ ಬೆಂಕಿಗೆ, ಮಗದೊಂದು ಕಡೆ ವಿನೆಗರಿಗೆ. ಹಾಗಾಗಿ ಪಟ್ಟಿ ಹಿಡಿದು ಪೇಟೆಗೆ ಹೊರಡುವ ಮುನ್ನ ಒಂದೊಂದು ಕಾಯಿಯೂ ಅಡುಗೆಯಲ್ಲಿ ಏನು ಕೆಲಸ ಮಾಡುತ್ತದೆ ಎಂದು ವಿಚಾರಿಸಿಕೊಂಡರೆ ಅರ್ಧ ಹುಡುಕಾಟ ಮನೆಯಲ್ಲೇ ಮುಗಿಯುತ್ತದೆ.

ಮೊದಲು ಒಣಗಿದವು.

ನ್ಯೋರಾ ಎಂದರೆ ಗೋಲಿಯಂತೆ ದುಂಡಗಿನ ಸಣ್ಣ ಕಾಯಿ. ಹಣ್ಣಾದ ಮೇಲೆ ಕಿತ್ತು ಬಿಸಿಲಿನಲ್ಲಿ ಒಣಗಿಸುತ್ತಾರೆ. ಸ್ಪೇನಿನ ಆಗ್ನೇಯದ ಮುರ್ಸಿಯಾ, ಅಲಿಕಾಂತೆ ಸೀಮೆಯದು. ಗ್ವಾರ್ದಮಾರ್ ಎಂಬ ಊರಿನಲ್ಲಿ ಕಡಲ ದಂಡೆಯ ಮರಳ ದಿಬ್ಬಗಳ ಮೇಲೆಯೇ ಹರವಿ ಒಣಗಿಸುವ ರೂಢಿ ಇತ್ತು. ಒಣಗಿದ ಮೇಲೆ ಗಾಢ ಕೆಂಪು. ಖಾರ ಇಲ್ಲವೆಂದರೂ ಸರಿ. ಬಣ್ಣ, ಒಂದಿಷ್ಟು ಸಿಹಿ, ಒಣ ಹಣ್ಣಿನಂಥ ವಾಸನೆ, ಇಷ್ಟೇ ಅದರ ಬಂಡವಾಳ. ಮೀನಿನ ಸಾರಿನಲ್ಲಿ ಬೇಯಿಸುವ ಅನ್ನಕ್ಕೆ, ಕತಲೋನಿಯಾದ ರೊಮೆಸ್ಕೊ ಚಟ್ನಿಗೆ ಇದು ಬೇಕೇ ಬೇಕು.

ಖಾರ ಕಡಿಮೆ, ಬಣ್ಣ ಜಾಸ್ತಿ, ಬಿಸಿಲಿಗೆ ಒಣಗಿದ್ದು. ಹಾವೇರಿ ಕಡೆಯವರಿಗೆ ಇಷ್ಟು ಹೇಳಿದರೆ ಮುಂದಿನ ಮಾತು ಅವರೇ ಹೇಳುತ್ತಾರೆ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿತು. ಹಾವೇರಿ, ಧಾರವಾಡ, ಗದಗ ಜಿಲ್ಲೆಗಳ ಕರಿಮಣ್ಣಿನಲ್ಲಿ ಮಳೆ ನೆಚ್ಚಿ ಬೆಳೆಯುವ ಬೆಳೆ. ಎರಡು ರೂಪ: ಉದ್ದಕ್ಕೆ ಸಪೂರವಾಗಿ ಮೈತುಂಬ ಸುಕ್ಕು ಬಿದ್ದಿರುವುದು ಕಡ್ಡಿ, ಗಿಡ್ಡಗೆ ದಪ್ಪಗಿರುವುದು ಡಬ್ಬಿ. ಬಣ್ಣ ಹೆಚ್ಚು, ಬೀಜ ಹೆಚ್ಚು, ಘಮ ಹೆಚ್ಚು ಎಂದು ಡಬ್ಬಿಗೆ ಬೆಲೆಯೂ ಹೆಚ್ಚು. ಬ್ಯಾಡಗಿ ಪೇಟೆಯಲ್ಲಿ ಸೋಮವಾರ ಮತ್ತು ಗುರುವಾರ ವಹಿವಾಟು. ಸುಗ್ಗಿಯ ದಿನಗಳಲ್ಲಿ ಊರೊಳಗೆ ಕಾಲಿಡುವ ಮೊದಲೇ ಸೀನು ಶುರುವಾಗುತ್ತದೆ. ಪ್ರಾಂಗಣದಲ್ಲಿ ಚೀಲಗಳ ಸಾಲು, ಗುಡ್ಡೆ ಹಾಕಿಕೊಂಡು ತೊಟ್ಟು ಬಿಡಿಸುವ ಹೆಂಗಸರು, ಮೂಗಿಗೆ ಸುತ್ತಿದ ಸೆರಗು.

ಈ ಕಾಯಿಯ ಬಣ್ಣ ಅಡುಗೆಮನೆಗಿಂತ ದೊಡ್ಡ ವ್ಯಾಪಾರ. ಅದರಿಂದ ತೆಗೆದ ಓಲಿಯೋರೆಸಿನ್ ಎಂಬ ಮಂದ ಎಣ್ಣೆ ಸಾಸ್, ಸಾಸೇಜುಗಳಿಂದ ಹಿಡಿದು ತುಟಿಯ ಬಣ್ಣದವರೆಗೆ ಹೋಗುತ್ತದೆ. ಬಣ್ಣ ಅಳೆಯಲು ಅಮೆರಿಕದ ಮಸಾಲೆ ವ್ಯಾಪಾರಿಗಳ ಸಂಘದ ‘ಆಸ್ಟಾ’ ಎಂಬ ಮಾನ ಇದೆ. ಒಳ್ಳೆಯ ಬ್ಯಾಡಗಿ ಅದರಲ್ಲಿ 150 ದಾಟುತ್ತದೆ. ಲೋಕದ ಪೇಟೆಯಲ್ಲಿ ಪ್ಯಾಪ್ರಿಕಾ ಎಂದು ನಡೆಯುವ ಸರಕಿನ ಜೊತೆ ಭುಜಕ್ಕೆ ಭುಜ ಕೊಟ್ಟು ನಿಲ್ಲುವ ಬಣ್ಣ ಅದು. ಕುಂದಾಪುರದ ಘೀ ರೋಸ್ಟು, ಮಂಗಳೂರಿನ ಕೋರಿ ಗಸಿ ಅಷ್ಟು ಕೆಂಪಗಿದ್ದೂ ನಾಲಿಗೆ ಸುಡದೆ ಇರುವುದು ಇದೇ ಕಾಯಿಯ ದೆಸೆಯಿಂದ. ಹಾಗೆ ನೋಡಿದರೆ ಕರಾವಳಿಯ ಬಾಣಸಿಗರು ನ್ಯೋರಾ ಕೆಲಸವನ್ನು ಬ್ಯಾಡಗಿಯ ಕೈಲಿ ಮಾಡಿಸುತ್ತಲೇ ಬಂದಿದ್ದಾರೆ.

ಈ ನೆಂಟಸ್ತನ ಆಕಸ್ಮಿಕವಲ್ಲ. ಕೊಲಂಬಸ್ 1493ರಲ್ಲಿ ಮೊದಲ ಯಾನ ಮುಗಿಸಿ ಮರಳಿದಾಗ ಮೆಣಸಿನಕಾಯಿ ಸ್ಪೇನಿಗೆ ಬಂತು. ಅಲ್ಲಿನ ಎಸ್ತ್ರೆಮದೂರ ಪ್ರಾಂತದ ಮಠಗಳ ಸನ್ಯಾಸಿಗಳೇ ಮೊದಲು ಬೆಳೆದರು ಎಂಬುದು ಅಲ್ಲಿಯವರು ಹೇಳಿಕೊಳ್ಳುವ ಕಥೆ. ನಮ್ಮ ಕಡೆಗೆ ತಂದವರು ಪೋರ್ಚುಗೀಸರು. 1510ರಲ್ಲಿ ಗೋವಾ ಅವರ ಕೈಸೇರಿತು, ಅಲ್ಲಿಂದ ಘಟ್ಟ ಹತ್ತಲು ಮೆಣಸಿನಕಾಯಿಗೆ ಹೆಚ್ಚು ಕಾಲ ಹಿಡಿಯಲಿಲ್ಲ. ಮನೆ ಬೇರೆಯಾದ ಅಣ್ಣತಮ್ಮಂದಿರ ಮಕ್ಕಳು ಐನೂರು ವರ್ಷದ ಮೇಲೆ ಒಂದು ಸಾರಿನಲ್ಲಿ ಎದುರಾದರೆ ಮುಖಚಹರೆ ಹೊಂದುವುದರಲ್ಲಿ ಆಶ್ಚರ್ಯವೇನಿದೆ?

ಸರಿ, ನಾಗಪುರದಲ್ಲಿ ಬ್ಯಾಡಗಿ ಎಲ್ಲಿ? ಇತ್ವಾರಿಯಲ್ಲಿ. ಹಳೆಯ ಊರಿನ ಸಗಟು ಪೇಟೆ ಅದು. ಒಣ ಮಸಾಲೆಯ ಅಂಗಡಿಗಳಲ್ಲಿ ಗೋಣಿಚೀಲದ ಬಾಯಿ ಮಡಚಿ ಸಾಲಾಗಿ ಇಟ್ಟಿರುತ್ತಾರೆ. ಮರಾಠಿಯಲ್ಲಿ ‘ಬೇಡಗಿ ಮಿರ್ಚಿ’ ಎಂದು ಕೇಳಬೇಕು. ಪಕ್ಕದ ಚೀಲದಲ್ಲಿ ‘ಸಂಕೇಶ್ವರಿ’ ಇರುತ್ತದೆ. ನಮ್ಮ ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಹೆಸರು ಹೊತ್ತ ಕಾಯಿ, ಕೊಲ್ಹಾಪುರದವರ ಮಸಾಲೆಗೆ ಪ್ರಾಣ. ಬಣ್ಣ ಚೆನ್ನ, ಆದರೆ ಖಾರ ಬ್ಯಾಡಗಿಗಿಂತ ಮುಂದು. ನಮ್ಮ ಈಗಿನ ಕೆಲಸಕ್ಕೆ ಬೇಡ. ‘ಕಾಶ್ಮೀರಿ’ ಎಂದು ಬರೆದ ಚೀಲವೂ ಇರುತ್ತದೆ. ಬಯಲುಸೀಮೆಯ ಪೇಟೆಗಳಲ್ಲಿ ಕಾಶ್ಮೀರಿ ಎಂಬ ಹೆಸರಿನಲ್ಲಿ ಮಾರಾಟವಾಗುವುದರಲ್ಲಿ ಎಷ್ಟೋ ಪಾಲು ಬ್ಯಾಡಗಿ ಜಾತಿಯದೇ ಆಗಿರುತ್ತದೆ, ಅದಕ್ಕೆ ಹೆಚ್ಚಿನ ದುಡ್ಡು ಕೊಡುವ ಅಗತ್ಯ ನನಗಂತೂ ಕಂಡಿಲ್ಲ.

ಅಂಗಡಿಯ ಕಾಕಾ ಒಬ್ಬರಿಗೆ ‘ಖಾರ ಬೇಡ, ರಂಗು ಬೇಕು’ ಎಂದೆ. ಅವರು ಚೀಲಕ್ಕೆ ಕೈಹಾಕಿ ಒಂದು ಹಿಡಿ ತೆಗೆದು, ಒಂದು ಕಾಯಿಯನ್ನು ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಬೀಜ ಗಲಗಲ ಎಂದಿತು. ಒಣಗಿದೆ ಎಂದು ಅರ್ಥ. ಆಮೇಲೆ ಕಾಯಿಯನ್ನು ಬಗ್ಗಿಸಿದರು. ಅದು ತಟ್ಟನೆ ಪುಡಿಯಾಗಲಿಲ್ಲ, ಚರ್ಮದ ಹಾಗೆ ಬಳುಕಿ ನಿಧಾನಕ್ಕೆ ಸೀಳಿತು. ಕೊಳ್ಳುವವರು ನೋಡಬೇಕಾದ್ದು ಇದನ್ನೇ. ಮುಟ್ಟಿದೊಡನೆ ಚೂರಾದರೆ ಹಳೆಯ ಸರಕು. ಬಗ್ಗಿಸಿದರೆ ಮುರಿಯದೆ ತಣ್ಣಗೆ ಮೆತ್ತಗಿದ್ದರೆ ತೂಕಕ್ಕೆಂದು ನೀರು ಕುಡಿಸಿರಬಹುದು, ಒಳಗೆ ಬೂಷ್ಟು ಹಿಡಿದಿರಲೂಬಹುದು. ಒಂದು ಕಾಯಿ ಸೀಳಿ ಒಳಮೈ ನೋಡಿ. ಬೂದು ಬಣ್ಣ ಕಂಡರೆ ಚೀಲ ಬದಲಿಸಿ ಎನ್ನಿ. ತೊಟ್ಟು ಇರುವ ಕಾಯಿಯನ್ನೇ ಆರಿಸಿ. ತೊಟ್ಟು ಕಿತ್ತ ತೂತಿನಿಂದ ತೇವ, ಹುಳ ಎರಡೂ ಒಳಗೆ ಹೋಗುತ್ತವೆ. ಶೀತಲಗೃಹದಲ್ಲಿ ವರ್ಷಗಟ್ಟಲೆ ಇದ್ದ ಕಾಯಿಗೆ ಕೆಂಪು ಮಾಸಿ ಇಟ್ಟಿಗೆ ಬಣ್ಣ ಬಂದಿರುತ್ತದೆ. ಜನವರಿಯಿಂದ ಮಾರ್ಚಿನೊಳಗೆ ಹೊಸ ಕಾಯಿ ಬರುವಾಗ ವರ್ಷಕ್ಕಾಗುವಷ್ಟು ಕೊಂಡು, ಒಂದು ದಿನ ಬಿಸಿಲು ತೋರಿಸಿ, ಗಾಳಿಯಾಡದ ಡಬ್ಬಿಯಲ್ಲಿ ಕತ್ತಲಲ್ಲಿ ಇಟ್ಟರೆ ಬಣ್ಣ ಉಳಿಯುತ್ತದೆ.

ಪುಡಿ ಕೊಳ್ಳಬೇಡಿ. 2003ರಲ್ಲಿ ಭಾರತದಿಂದ ಹೋದ ಮೆಣಸಿನಪುಡಿಯ ಸರಕಿನಲ್ಲಿ ಸುಡಾನ್ ಎಂಬ ಕೈಗಾರಿಕಾ ಬಣ್ಣ ಫ್ರಾನ್ಸಿನಲ್ಲಿ ಸಿಕ್ಕಿಬಿದ್ದು ಯೂರೋಪಿನಾದ್ಯಂತ ಗದ್ದಲವಾಗಿತ್ತು. ಇಡೀ ಕಾಯಿಯಲ್ಲಿ ಮೋಸಕ್ಕೆ ಜಾಗ ಕಡಿಮೆ. ಅನುಮಾನವಿದ್ದರೆ ಒಂದು ಕಾಯಿಯನ್ನು ತಣ್ಣೀರಿನ ಲೋಟಕ್ಕೆ ಹಾಕಿ. ಮೆಣಸಿನಕಾಯಿಯ ಸಹಜ ಕೆಂಪು ನೀರಿಗೆ ಇಳಿಯುವುದಲ್ಲ, ಎಣ್ಣೆಗೆ ಇಳಿಯುವುದು. ಹಾಕಿದ ಕ್ಷಣವೇ ನೀರಿನಲ್ಲಿ ಬಣ್ಣದ ಗೆರೆ ಹರಿದರೆ ಆ ಕೆಂಪು ಗಿಡ ಕೊಟ್ಟದ್ದಲ್ಲ.

ಬ್ಯಾಡಗಿಯ ಹೆಸರಿನಲ್ಲಿ ಬರುವುದೆಲ್ಲ ಹಳೆಯ ದೇಸಿ ತಳಿ ಎಂದು ತಿಳಿಯುವಂತೆಯೂ ಇಲ್ಲ. ಬಳ್ಳಾರಿ, ರಾಯಚೂರು, ಆಂಧ್ರದ ಕಡೆ ನೀರಾವರಿಯಲ್ಲಿ ಬೆಳೆದ ಹೈಬ್ರಿಡ್ ಕಾಯಿಯೂ ಬ್ಯಾಡಗಿ ಪೇಟೆಗೆ ಲಾರಿಗಟ್ಟಲೆ ಬಂದು ಬೀಳುತ್ತದೆ. 2024ರ ಮಾರ್ಚ್ 11ರಂದು ಬೆಲೆ ಒಮ್ಮೆಲೇ ಕುಸಿದಾಗ ರೈತರು ರೊಚ್ಚಿಗೆದ್ದು ಎಪಿಎಂಸಿ ಕಚೇರಿಗೆ ನುಗ್ಗಿದ್ದು, ವಾಹನಗಳಿಗೆ ಬೆಂಕಿ ಬಿದ್ದದ್ದು ಓದುಗರಿಗೆ ನೆನಪಿರಬಹುದು. ನಮ್ಮ ರೊಮೆಸ್ಕೊಗೆ ಇದರಿಂದ ಆಗುವ ತೊಂದರೆ ಏನೂ ದೊಡ್ಡದಲ್ಲ, ಆದರೆ ಹೈಬ್ರಿಡ್ಡಿನ ಮೈ ನುಣುಪು, ಸುಕ್ಕು ಕಡಿಮೆ, ಘಮವೂ ಕಡಿಮೆ. ಸುಕ್ಕು ಬಿದ್ದ ಕಾಯಿಯನ್ನೇ ಹುಡುಕಿ.

ಇನ್ನು ಮನೆಯ ಕೆಲಸ. ಎಷ್ಟೇ ಸೌಮ್ಯ ಎಂದರೂ ಬ್ಯಾಡಗಿಯಲ್ಲಿ ನ್ಯೋರಾಕ್ಕಿಂತ ಖಾರ ಇದ್ದೇ ಇದೆ. ಆ ಖಾರ ಬೀಜದಲ್ಲಿದೆ ಎಂದು ಎಲ್ಲರೂ ನಂಬಿದ್ದಾರೆ. ನಿಜಕ್ಕೂ ಕ್ಯಾಪ್ಸೈಸಿನ್ ತಯಾರಾಗುವುದು ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ನರದಲ್ಲಿ. ಪಕ್ಕದಲ್ಲೇ ಇರುವುದರಿಂದ ಬೀಜಕ್ಕೂ ಮೆತ್ತಿಕೊಳ್ಳುತ್ತದೆ, ಅಷ್ಟೇ. ಆದ್ದರಿಂದ ಕಾಯಿಯನ್ನು ಕತ್ತರಿಯಿಂದ ಉದ್ದಕ್ಕೆ ಸೀಳಿ, ಬೀಜ ಕೊಡವಿ, ಒಣಗಿದ ನರವನ್ನು ಉಗುರಿನಿಂದ ಎಳೆದು ತೆಗೆಯಿರಿ (ಆ ಕೈಯಲ್ಲಿ ಕಣ್ಣು ಮುಟ್ಟಿಕೊಂಡರೆ ದೂರು ನನಗೆ ಬೇಡ). ಆಮೇಲೆ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ. ಸ್ಪೇನಿನವರು ಇಲ್ಲಿ ನಮ್ಮಂತೆ ಇಡೀ ಕಾಯಿ ರುಬ್ಬುವುದಿಲ್ಲ. ನೆಂದ ಕಾಯಿಯನ್ನು ಹಲಗೆಯ ಮೇಲೆ ಒಳಮೈ ಮೇಲಾಗಿ ಹರಡಿ, ಚಾಕುವಿನ ಬೆನ್ನಿನಿಂದ ಸವರಿದರೆ ಸಿಪ್ಪೆ ಹಲಗೆಗೆ ಅಂಟಿ ಉಳಿದು ಮೇಲಿನ ಕೆಂಪು ತಿರುಳು ಮಾತ್ರ ಅಲಗಿಗೆ ಬರುತ್ತದೆ. ನ್ಯೋರಾ ದಪ್ಪ ಮಾಂಸದ ಕಾಯಿ, ಬ್ಯಾಡಗಿಯದು ತೆಳು. ಹಾಗಾಗಿ ಒಂದು ನ್ಯೋರಾ ಎಂದರೆ ಎರಡು ಡಬ್ಬಿ, ಕಡ್ಡಿಯಾದರೆ ಮೂರು. ಕೈಗೆ ಸಿಗುವುದು ಒಂದೆರಡು ಚಮಚ ತಿರುಳು. ಇಷ್ಟಕ್ಕೆ ಇಷ್ಟು ಕೆಲಸವೇ ಎಂದು ಸಿಟ್ಟು ಬರುತ್ತದೆ. ಆದರೆ ಸಿಪ್ಪೆ ಸಮೇತ ರುಬ್ಬಿದ್ದಕ್ಕೂ ಇದಕ್ಕೂ ಇರುವ ಅಂತರ ಬಾಯಿಗೆ ತಿಳಿಯುತ್ತದೆ. ಸಿಪ್ಪೆಯ ಕಹಿ, ತರಕಲು ಎರಡೂ ಇಲ್ಲ.

ಈ ತಿರುಳಿನ ಜೊತೆ ಕೆಂಡದಲ್ಲಿ ಸುಟ್ಟ ಟೊಮೆಟೊ, ಸುಟ್ಟ ಬೆಳ್ಳುಳ್ಳಿ, ಹುರಿದ ಬಾದಾಮಿ, ಎಣ್ಣೆಯಲ್ಲಿ ಕರಿದ ಒಂದು ತುಂಡು ಹಳೆಯ ಬ್ರೆಡ್, ಸ್ವಲ್ಪ ವಿನೆಗರ್, ಉಪ್ಪು, ಆಲಿವ್ ಎಣ್ಣೆ ಹಾಕಿ ತರಿತರಿಯಾಗಿ ರುಬ್ಬಿದರೆ ರೊಮೆಸ್ಕೊ. ಮಿಕ್ಸರಿಗಿಂತ ಒರಳು ವಾಸಿ. ಅಲ್ಲಿ ಬಾದಾಮಿಯ ಜೊತೆ ಹೇಝಲ್‌ನಟ್ ಕೂಡ ಹಾಕುತ್ತಾರೆ. ಬಾದಾಮಿ ಒಂದೇ ಸಾಕು. ಶೇಂಗಾ ಹಾಕಿದರೆ ಮಾತ್ರ ಅದು ನಮ್ಮ ಶೇಂಗಾ ಚಟ್ನಿಯ ದಾರಿ ಹಿಡಿದುಬಿಡುತ್ತದೆ, ಸ್ಪೇನಿಗೆ ವಾಪಸು ಕರೆತರುವುದು ಕಷ್ಟ.

ಪಟ್ಟಿಯ ಎರಡನೆಯದು ಚೊರಿಸೆರೊ. ಉತ್ತರದ ಬಾಸ್ಕ್ ನಾಡಿನ ಉದ್ದನೆಯ ಕೆಂಪು ಕಾಯಿ. ದಾರಕ್ಕೆ ಪೋಣಿಸಿ ಒಣಗಿಸುತ್ತಾರೆ. ಅಲ್ಲಿನ ಅಂಗಡಿಗಳಲ್ಲಿ ಇದರ ತಿರುಳನ್ನು ಗಾಜಿನ ಬಾಟಲಿಯಲ್ಲಿ ತುಂಬಿಯೇ ಮಾರುತ್ತಾರೆ, ಒಣ ಮೀನಿನ ಅಡುಗೆಗೆ ನೇರ ಚಮಚದಲ್ಲಿ ತೆಗೆದು ಹಾಕಲು. ಇದಕ್ಕೆ ಬ್ಯಾಡಗಿಯನ್ನೇ ಮೇಲೆ ಹೇಳಿದಂತೆ ಸವರಿ ಬಳಸಬಹುದು. ಅದಕ್ಕಿಂತ ಚೆಂದದ ದಾರಿ ಇನ್ನೊಂದಿದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಣ್ಣು ಮೆಣಸಿನಕಾಯಿಯ ರಂಜಕ ಮಾಡುತ್ತಾರಲ್ಲ, ಆ ರಂಜಕದಿಂದ ಬೆಳ್ಳುಳ್ಳಿ, ಮೆಂತ್ಯ, ಲಿಂಬೆ ಬಿಟ್ಟು ಬರೀ ಉಪ್ಪು ಹಾಕಿ ರುಬ್ಬಿ, ಜಾಲರಿಯಲ್ಲಿ ಸೋಸಿ, ಮೇಲೆ ಎಣ್ಣೆಯ ಪದರ ನಿಲ್ಲಿಸಿ ಫ್ರಿಜ್ಜಿನಲ್ಲಿಟ್ಟರೆ ಚೊರಿಸೆರೊ ಬಾಟಲಿಗೆ ಹತ್ತಿರದ ಪದಾರ್ಥ ಸಿದ್ಧ. ಬ್ಯಾಡಗಿಯ ಹಸಿ ಹಣ್ಣು ನಾಗಪುರಕ್ಕೆ ಬರುವುದಿಲ್ಲ. ಚಳಿಗಾಲದಲ್ಲಿ ಊರಿಗೆ ಹೋದಾಗ ಅಲ್ಲೇ ರುಬ್ಬಿಸಿಕೊಂಡು ತರಬೇಕು. ಹುಬ್ಬಳ್ಳಿಯ ಕಡೆಯಿಂದ ನಾಗಪುರಕ್ಕೆ ಬರುವ ಕನ್ನಡ ಕುಟುಂಬಗಳ ಚೀಲದಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ರಂಜಕದ ಬಾಟಲಿ ಹೇಗೂ ಇರುತ್ತವೆ. ಇನ್ನೊಂದು ಬಾಟಲಿ ಹೊರೆಯಾಗದು.

ಮೂರನೆಯದಕ್ಕೆ, ಹೊಗೆಯ ಪಿಮೆಂತೋನಿಗೆ ಬಂದಾಗ ಜಾಣತನ ನಿಲ್ಲುತ್ತದೆ. ಸ್ಪೇನಿನ ಪಶ್ಚಿಮದಲ್ಲಿ ಲಾ ವೆರಾ ಎಂಬ ಕಣಿವೆ. ಅಲ್ಲಿ ಕಾಯಿ ಹಣ್ಣಾಗುವ ಶರತ್ಕಾಲಕ್ಕೆ ಸರಿಯಾಗಿ ಮಳೆ ಹಿಡಿಯುತ್ತದೆ. ಮುರ್ಸಿಯಾದ ಹಾಗೆ ಬಿಸಿಲಿಗೆ ಹರವಿದರೆ ಕೊಳೆತೇ ಹೋದೀತು. ಹಾಗಾಗಿ ರೈತರು ಎರಡಂತಸ್ತಿನ ಒಣಗುಮನೆ ಕಟ್ಟಿ, ಕೆಳಗೆ ಓಕ್ ಮರದ ಸೌದೆ ಉರಿಸಿ, ಮೇಲಿನ ಅಟ್ಟದಲ್ಲಿ ಕಾಯಿ ಹರಡುತ್ತಾರೆ. ಹತ್ತರಿಂದ ಹದಿನೈದು ದಿನ ಬೆಂಕಿ ಆರದಂತೆ ಕಾಯ್ದು, ದಿನವೂ ಕೈಯಿಂದ ಕಾಯಿ ತಿರುವಿ ಹಾಕಬೇಕು. ಬಳಿಕ ಕಲ್ಲಿನಲ್ಲಿ ಬೀಸಿದ ಪುಡಿಯೇ ಪಿಮೆಂತೋನ್. ಸಿಹಿ, ಸಿಹಿಖಾರ, ಖಾರ ಎಂದು ಮೂರು ಬಗೆ. ನಾವು ಬೆರಗಾಗಿ ಸವಿಯುವ ಆ ಹೊಗೆ ರುಚಿಗಾಗಿ ಹುಟ್ಟಿದ್ದಲ್ಲ, ಬಿಸಿಲು ಕೈಕೊಟ್ಟಿದ್ದಕ್ಕೆ ಹುಟ್ಟಿದ್ದು. ಬ್ಯಾಡಗಿಯ ಕಣದಲ್ಲಿ ಜನವರಿಯ ಬಿಸಿಲು ಧಾರಾಳವಾಗಿ ಬೀಳುತ್ತದೆ, ಆದ್ದರಿಂದ ನಮ್ಮ ರೈತರಿಗೆ ಹೊಗೆಯ ಹಂಗು ಬೀಳಲಿಲ್ಲ. ಮಳೆ ಬಿಡದ ಮಲೆನಾಡು, ಕೊಡಗಿನಲ್ಲಿ ಒಲೆಯ ಮೇಲೆ ಹೊಗೆಯಟ್ಟ ಕಟ್ಟಿಕೊಂಡದ್ದನ್ನು ನೋಡಿದರೆ ಲಾ ವೆರಾದವರ ಲೆಕ್ಕ ನಮಗೂ ಗೊತ್ತಿರುವುದೇ.

ಮನೆಯಲ್ಲಿ ಸ್ವಲ್ಪಮಟ್ಟಿಗೆ ಹೊಗೆ ಹಿಡಿಸಬಹುದು. ಬೀಜ, ನರ ತೆಗೆದ ಬ್ಯಾಡಗಿಯನ್ನು ಕಬ್ಬಿಣದ ಬಾಣಲೆಯಲ್ಲಿ ಜಾಲರಿಯ ಮೇಲೆ ಹರಡಿ, ಕೆಳಗೆ ಎರಡು ನಿಗಿನಿಗಿ ಕೆಂಡ ಇಟ್ಟು, ಅದರ ಮೇಲೆ ಜಾಲಿ ಅಥವಾ ಮಾವಿನ ಒಣ ಚಕ್ಕೆ ಉದುರಿಸಿ ಮುಚ್ಚಳ ಹಾಕಿ. ತುಪ್ಪ ಹಾಕಬೇಡಿ, ಆಗ ಅದು ದಾಲ್‌ಗೆ ಧುಂಗಾರ್ ಕೊಟ್ಟಂತೆ ಬೇರೆಯೇ ಘಮವಾಗುತ್ತದೆ. ಚಕ್ಕೆ ಹೊತ್ತಿ ಉರಿಯಬಾರದು, ಕನಲಬೇಕು. ಚಕ್ಕೆ ಮುಗಿದಂತೆ ಮತ್ತೆ ಉದುರಿಸುತ್ತ ಒಂದು ಗಂಟೆ ಬಿಟ್ಟು, ಆರಿದ ಮೇಲೆ ಪುಡಿ ಮಾಡಿ. ಕಿಟಕಿ ಬಾಗಿಲು ತೆರೆದಿರಲಿ, ಆದಷ್ಟು ಮಾಳಿಗೆಯ ಮೇಲೆ ಮಾಡಿ. ಕಾಯಿ ಸೀದರೆ ಫ್ಲ್ಯಾಟಿನ ಮೂರು ಅಂತಸ್ತು ಕೆಮ್ಮುತ್ತದೆ. ಬರುವ ಪುಡಿ ಚೆನ್ನಾಗಿಯೇ ಇರುತ್ತದೆ. ಆದರೂ ಹದಿನೈದು ದಿನದ ಹೊಗೆ ಒಂದು ಗಂಟೆಯಲ್ಲಿ ಸಿಗುವುದಿಲ್ಲ. ಇಡೀ ಪಟ್ಟಿಯಲ್ಲಿ ದುಡ್ಡು ಕೊಟ್ಟು ಹೊರಗಿನಿಂದ ತರಿಸಬೇಕಾದದ್ದು ಯಾವುದು ಎಂದು ಕೇಳಿದರೆ ನಾನು ಇದೊಂದನ್ನೇ ಹೇಳುವುದು: ಲಾ ವೆರಾದ ಹೆಸರಿರುವ ಒಂದು ಸಣ್ಣ ತಗಡಿನ ಡಬ್ಬಿ. ಆನ್‌ಲೈನಿನಲ್ಲಿ ಸಿಗುತ್ತದೆ, ತುಟ್ಟಿ, ಆದರೆ ಅರ್ಧ ಚಮಚ ಸಾಕಾಗುವ ಪದಾರ್ಥ. ಬರೀ ‘ಸ್ಮೋಕ್ಡ್ ಪ್ಯಾಪ್ರಿಕಾ’ ಎಂದಿರುವ ಬಾಟಲಿ ಕೊಳ್ಳುವ ಮುನ್ನ ಚೀಟಿಯ ಸಣ್ಣಕ್ಷರ ಓದಿ. ಹೊಗೆಯ ಸುವಾಸನೆ ಬೆರೆಸಿದ್ದು ಎಂದಿದ್ದರೆ ಅದಕ್ಕಿಂತ ನಿಮ್ಮ ಬಾಣಲೆಯದೇ ಮೇಲು. ಬಳಸುವಾಗ ನೆನಪಿಡಬೇಕಾದದ್ದು, ಎಣ್ಣೆ ಕಾದ ಮೇಲೆ ಒಲೆಯಿಂದ ಬಾಣಲೆ ಇಳಿಸಿ ಆಮೇಲೆ ಪುಡಿ ಹಾಕಬೇಕು. ಬಣ್ಣ ಎಣ್ಣೆಗೆ ತಕ್ಷಣ ಬಿಡುತ್ತದೆ, ಆದರೆ ಪುಡಿಯಲ್ಲಿ ಸಕ್ಕರೆಯ ಅಂಶವಿರುವುದರಿಂದ ಉರಿಯ ಮೇಲೆ ಕ್ಷಣದಲ್ಲಿ ಸೀದು ಕಹಿಯಾಗುತ್ತದೆ. ನಮ್ಮ ಒಗ್ಗರಣೆಯ ಕೈ ಇಲ್ಲಿ ಸ್ವಲ್ಪ ತಡೆಯಬೇಕು.

ಖಾರವೇ ಬೇಕಾದ ಕಡೆ, ಅಂದರೆ ಬೆಳ್ಳುಳ್ಳಿ ಹಾಕಿ ಎಣ್ಣೆಯಲ್ಲಿ ಬಾಡಿಸುವ ಸೀಗಡಿಗೆ, ಸ್ಪೇನಿನವರು ಒಣ ಗಿಂದಿಯಾ ಹಾಕುತ್ತಾರೆ. ಇದಕ್ಕೆ ನಾಗಪುರ ಜಿಲ್ಲೆಯೇ ಸಾಕು. ಉಮ್ರೇಡ್ ದಾರಿಯಲ್ಲಿ ಮುಂದೆ ಹೋದರೆ ಭಿವಾಪುರ ತಾಲ್ಲೂಕು. ಅಲ್ಲಿನ ಮೆಣಸಿನಕಾಯಿಗೂ ಭೌಗೋಳಿಕ ಸೂಚಿ ಇದೆ. ಕಡುಗೆಂಪು, ಖಾರವೂ ಗಟ್ಟಿ. ಬ್ಯಾಡಗಿಯಲ್ಲಿ ಕಂಡ ನೋಟವೇ ಅಲ್ಲಿಯೂ: ‘ಸಾತರಾ’ ಎಂದು ಕರೆಯುವ ಬಯಲುಗಳಲ್ಲಿ ಹೆಂಗಸರು ಸಾಲಾಗಿ ಕೂತು ಗುಡ್ಡೆ ಗುಡ್ಡೆ ಕಾಯಿಯ ತೊಟ್ಟು ಬಿಡಿಸುತ್ತಾರೆ. ಹೈಬ್ರಿಡ್ಡಿನ ಹೊಡೆತಕ್ಕೆ ಹಳೆಯ ಭಿವಾಪುರಿ ತಳಿಯೂ ಹಿಂದೆ ಸರಿದಿದೆ. ಕಳಮನಾದ ದೊಡ್ಡ ಮಾರುಕಟ್ಟೆಗೆ ಚಳಿಗಾಲದಿಂದ ಕೆಂಪು ರಾಶಿ ಬಂದು ಬೀಳುತ್ತದೆ, ಆದರೆ ಅಲ್ಲಿ ಚೀಲದ ಲೆಕ್ಕ. ನೂರು ಗ್ರಾಮಿಗೆ ಇತ್ವಾರಿಯೇ ಗತಿ. ಸೀಗಡಿಗೆ ಒಂದು ಕಾಯಿ ಮುರಿದು ಹಾಕಿದರೆ ಸಾಕು, ಎರಡು ಹಾಕಿದರೆ ಸಾವಜಿ ಆಗುತ್ತದೆ.

ಗಿಂದಿಯಾ ಎಂಬ ಹೆಸರಿನಲ್ಲೇ ಬಾಸ್ಕ್ ನಾಡಿನ ಇಬರ್ರಾ ಊರಿನ ಇನ್ನೊಂದು ಕಾಯಿ ಇದೆ: ಸಪೂರ, ಎಳೆಯ, ಬಿಳಿ ವೈನಿನ ವಿನೆಗರಿನಲ್ಲಿ ಹಾಕಿದ್ದು, ಖಾರ ಅಲ್ಪ. ಗೋಕುಳಪೇಟೆ ತರಕಾರಿ ಮಾರುಕಟ್ಟೆಯಲ್ಲಿ ಸಿಗುವ ಗಿಳಿಹಸಿರಿನ ಉದ್ದ ಕಾಯಿಗಳಲ್ಲಿ ಎಳೆಯವನ್ನು ಆರಿಸಿ, ಸೂಜಿಯಿಂದ ಒಂದೆರಡು ಕಡೆ ಚುಚ್ಚಿ, ಉಪ್ಪು ಬೆರೆಸಿ ಕುದಿಸಿದ ವಿನೆಗರ್ ಸುರಿದು ಮೂರು ವಾರ ಬಿಟ್ಟರೆ ಆಯಿತು. ಇದರಲ್ಲಿ ಹೆಚ್ಚಿನ ಗುಟ್ಟೇನಿಲ್ಲ.

ಪಿಕಿಯೊ ಕೂಡ ಅಷ್ಟೇನೂ ದೂರವಲ್ಲ. ನವಾರ್ರಾ ಪ್ರಾಂತದ ಲೊದೋಸಾದ್ದು ಹೆಸರುವಾಸಿ. ಚೂಪು ಮೂತಿಯ ಸಣ್ಣ ಕೆಂಪು ಕಾಯಿ, ಬೆಂಕಿಯಲ್ಲಿ ಸುಟ್ಟು ಕೈಯಿಂದ ಸಿಪ್ಪೆ ಸುಲಿದು ಡಬ್ಬಿಗೆ ತುಂಬುತ್ತಾರೆ. ನಿಯಮ ಒಂದೇ, ಸುಲಿಯುವಾಗ ನೀರು ಮುಟ್ಟಿಸಬಾರದು. ತೊಳೆದರೆ ರಸವೂ ಸುಟ್ಟ ಘಮವೂ ಹೋಗುತ್ತವೆ. ಇಲ್ಲಿಯವರು ಢೋಬ್ಳಿ ಮಿರ್ಚಿ ಎನ್ನುವ ದೊಣ್ಣೆ ಮೆಣಸಿನಕಾಯಿಯ ಕೆಂಪು ಹಣ್ಣು ಧರಂಪೇಟೆ ಕಡೆಯ ಅಂಗಡಿಗಳಲ್ಲಿ ಸಿಗುತ್ತದೆ. ಚಿಕ್ಕದನ್ನು ಆರಿಸಿ, ಗ್ಯಾಸಿನ ಉರಿಯ ಮೇಲೆ ಬದನೆಕಾಯಿ ಸುಡುವಂತೆ ಮೈಯೆಲ್ಲ ಕಪ್ಪಾಗುವವರೆಗೆ ಸುಟ್ಟು, ಪಾತ್ರೆಯಲ್ಲಿ ಮುಚ್ಚಿಟ್ಟು, ಬೆವತ ಮೇಲೆ ಬೆರಳಿನಿಂದಲೇ ಸಿಪ್ಪೆ ಉಜ್ಜಿ ತೆಗೆಯಿರಿ. ಅಲ್ಲಲ್ಲಿ ಕರಿ ಚುಕ್ಕೆ ಉಳಿದರೆ ಉಳಿಯಲಿ. ಒಳಗೆ ಏನಾದರೂ ತುಂಬಬೇಕೆಂದರೆ ಮಾತ್ರ ಆಕಾರ ಕಾಡುತ್ತದೆ. ದೊಣ್ಣೆಯನ್ನು ಪಿಕಿಯೊದಂತೆ ಇಡಿಯಾಗಿ ತುಂಬಿದರೆ ಊಟದ ತಟ್ಟೆ ತುಂಬಿಹೋಗುತ್ತದೆ, ಪಟ್ಟಿಯಾಗಿ ಸೀಳಿ ಸುತ್ತಿಕೊಳ್ಳುವುದು ವಾಸಿ.

ಕೊನೆಗೆ ಉಳಿದದ್ದು ಪದ್ರೋನ್, ನಿಜಕ್ಕೂ ಕಷ್ಟದ್ದು. ವಾಯವ್ಯದ ಗಲಿಸಿಯಾದಲ್ಲಿ ಹೆಬ್ಬೆರಳುದ್ದವೂ ಆಗುವ ಮುನ್ನ ಕಿತ್ತು, ಎಣ್ಣೆಯಲ್ಲಿ ಬೊಬ್ಬೆ ಏಳುವಂತೆ ಬಾಡಿಸಿ, ಕಲ್ಲುಪ್ಪು ಉದುರಿಸಿ ತೊಟ್ಟು ಹಿಡಿದು ತಿನ್ನುವ ಹಸಿರು ಕಾಯಿ. ತಟ್ಟೆಯಲ್ಲಿ ಹೆಚ್ಚಿನವು ಸಪ್ಪೆ, ನಡುವೆ ಒಂದು ಹಠಾತ್ತನೆ ಕಣ್ಣಲ್ಲಿ ನೀರು ತರಿಸುತ್ತದೆ. ಆ ಜೂಜಿಗಾಗಿಯೇ ಜನ ತಿನ್ನುತ್ತಾರೆ. ನೀರು ಕಡಿಮೆಯಾಗಿ ಬಿಸಿಲು ಏರಿದಾಗ, ಕಾಯಿ ಬಲಿತಾಗ ಖಾರದ ಪಾಲು ಹೆಚ್ಚುತ್ತದೆ. ಬಜ್ಜಿ ಮೆಣಸಿನಕಾಯಿಯನ್ನು ಹಾಗೇ ಬಾಡಿಸಿ ತಿನ್ನಬಹುದು, ತಪ್ಪೇನಿಲ್ಲ, ಆದರೆ ಅದರ ಸಿಪ್ಪೆ ದಪ್ಪ, ಗಾತ್ರ ದೊಡ್ಡದು, ಒಂದೇ ಕಚ್ಚಿಗೆ ಮುಗಿಯುವ ಸುಖ ಇಲ್ಲ.

ಹಾಗಾದರೆ ಬೆಳೆಸಬೇಕು. ಸ್ಪೇನಿಗೆ ಹೋಗಿ ಬರುವವರು ಜೇಬಿನಲ್ಲಿ ನಾಲ್ಕು ಬೀಜ ಹಾಕಿಕೊಂಡು ಬರುತ್ತೇನೆ ಎನ್ನುವುದನ್ನು ಕೇಳಿದ್ದೇನೆ; ಬೇಡ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಬಿತ್ತನೆಗೆ ಬೀಜ ತರಲು ಆಮದು ಪರವಾನಗಿ ಬೇಕು, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಮೆಣಸಿನಗಿಡದ ಎಷ್ಟೋ ವೈರಸ್‌ಗಳು ಬೀಜದ ಬೆನ್ನೇರಿ ಬರುತ್ತವೆ. ಪಕ್ಕದ ಭಿವಾಪುರದ ಹೊಲಗಳಿರುವ ಜಿಲ್ಲೆಯಲ್ಲಿ ಕೂತು ಆ ಚೆಲ್ಲಾಟ ಆಡುವುದು ಸರಿಯಲ್ಲ. ಇಡಿಯಾದ ಒಣ ನ್ಯೋರಾ ತಂದರೂ ಒಳಗೆ ಬೀಜ ಇದ್ದೇ ಇರುತ್ತದೆ. ಪುಡಿಗೆ ಆ ಭಯವಿಲ್ಲ. ಪದ್ರೋನ್ ಬೀಜವನ್ನು ದೇಶದೊಳಗಿನ ಬೀಜ ವ್ಯಾಪಾರಿಗಳು ಸಣ್ಣ ಪೊಟ್ಟಣದಲ್ಲಿ ಮಾರುವುದುಂಟು, ಬಿಲ್ಲು ಕೊಡುವವರಿಂದ ಅದನ್ನು ಕೊಳ್ಳಿ. ಕೆಂಪು ಪುಡಿಗಾಗಿಯೇ ಬೆಳೆಸುವ ಆಸೆಯಿದ್ದವರಿಗೆ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕ ಅಬೀರ್ ಎಂಬ ತಳಿ ಇದೆ, ಪ್ಯಾಪ್ರಿಕಾ ಬಗೆಯದು, ಬಣ್ಣಕ್ಕೆಂದೇ ಆರಿಸಿದ್ದು.

ನಾಗಪುರದ ಹವೆಗೆ ಕಾಲ ತಪ್ಪಿಸಬಾರದು. ಮಳೆ ಇಳಿಮುಖವಾಗುವ ಆಗಸ್ಟ್ ಕೊನೆಗೆ ತಟ್ಟೆಯಲ್ಲಿ ಬೀಜ ಹಾಕಿ, ಸಸಿ ಆರೇಳು ಎಲೆ ಬಿಟ್ಟ ಮೇಲೆ ಕುಂಡಕ್ಕೆ ಸಾಗಿಸಿದರೆ ದೀಪಾವಳಿ ಕಳೆದ ಮೇಲೆ ಹೂ ಬರುತ್ತದೆ. ಡಿಸೆಂಬರ್, ಜನವರಿಯ ತಂಪಿನಲ್ಲಿ ಎರಡು ದಿನಕ್ಕೊಮ್ಮೆ ಕಾಯಿ ಕೀಳುತ್ತಿರಬೇಕು, ಒಂದು ವಾರ ಮರೆತರೆ ಅದು ಪದ್ರೋನ್ ಆಗಿ ಉಳಿಯುವುದಿಲ್ಲ. ಕುಂಡದ ಮಣ್ಣು ಒಣಗದಂತೆ ನೋಡಿಕೊಂಡರೆ ಖಾರದ ಕಾಯಿ ಕಡಿಮೆ. ಮಾರ್ಚ್ ಮುಗಿಯುತ್ತ ಬಂದಂತೆ ಬಿಸಿಲು ನಲವತ್ತು ಡಿಗ್ರಿ ಮುಟ್ಟುತ್ತದೆ, ಹೂವು ಕಾಯಿ ಕಟ್ಟದೆ ಉದುರತೊಡಗುತ್ತದೆ. ಅಷ್ಟರಲ್ಲಿ ಉಳಿದ ಕಾಯಿಗಳನ್ನೆಲ್ಲ ಕಿತ್ತುಕೊಂಡು ಗಿಡ ತೆಗೆಯಿರಿ. ಆ ಕೊನೆಯ ಕೊಯ್ಲಿನ ತಟ್ಟೆಯನ್ನು ಅತಿಥಿಗಳ ಮುಂದೆ ಇಡುವ ಮುನ್ನ ಒಂದು ಲೋಟ ಮಜ್ಜಿಗೆಯನ್ನೂ ಪಕ್ಕಕ್ಕಿಡಿ.